ಊದ ಬದುವಿಗೆ, ಹೊನಗೊನ್ನೆ ಉಡಿಗೆ

ನನಗಾಗ ಅರವತ್ತಾರು, ನಾಲ್ಕು ವರ್ಷದ ಹಿಂದಿನ ಮಾತು. ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ಒಂದು ಟೈರಿನಂಗಡಿ ಇದೆ. ಅದರ ಮೇಲಿನ ಮಹಡಿಯಲ್ಲಿ ಕಸ ಹೊಡೆದು ಚಹಾ ಕಾಸುವ ಕೆಲಸಕ್ಕೆ ಹೋದ ಮೊದಲ ದಿನ, ಕಂಪ್ಯೂಟರಿನ ಮುಂದೆ ಕುಳಿತ ಒಬ್ಬ ಹೆಂಗಸು ಗಾಳಿಯಲ್ಲಿ ಎಲೆ ಹೊಸಕುವುದನ್ನು ಕಂಡೆ. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಿಕ್ಕುತ್ತಿದ್ದವು, ಕಣ್ಣು ಗಾಜಿನ ಮೇಲಿತ್ತು, ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ತಲೆ ಸರಿಯಿಲ್ಲದವಳು ಅಂದುಕೊಂಡು ಅವಳ ಕುರ್ಚಿಯ ಕೆಳಗೆ ಕಸಬರಿಗೆ ಆಡಿಸಿದೆ. ಅವಳು ಕಾಲು ಎತ್ತಿದಳು, ಬೆರಳು ನಿಲ್ಲಿಸಲಿಲ್ಲ.

ಅವಳೇ ಶಮೀಮಾ. ಅಲ್ಲಿ ಕೆಲಸ ಮಾಡುತ್ತಿದ್ದ ಹತ್ತು ಹುಡುಗಿಯರಿಗೆ ಅವಳು ಹಿರಿಯಳು, ಅವಳು ಸೇರಿ ಹನ್ನೊಂದು. ವಯಸ್ಸು ಮೂವತ್ತರ ಆಚೆ ಈಚೆ. ತುರ್ವಿಹಾಳದವಳು, ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಬಂದವಳೇ ಬುರ್ಖಾ ತೆಗೆದು ಕಿಟಕಿಯ ಮೊಳೆಗೆ ಹಾಕಿ, ಎರಡು ಗ್ಲಾಸು ನೀರು ನಿಂತೇ ಕುಡಿದು, "ಹೂಂ, ನಡೀಲಿ" ಅನ್ನುತ್ತಿದ್ದಳು. ಅವಳ ತಾಯಿ ಬುಟ್ಟಿ ಹೊತ್ತು ಸೊಪ್ಪು-ಪಲ್ಯ ಮಾರಿ ಇವಳನ್ನು ಬಿಎಸ್ಸಿ ಓದಿಸಿದ್ದಳು. ಗಂಡ ಅಕ್ಕಿ ಮಿಲ್ಲಿನಲ್ಲಿದ್ದ. ಒಬ್ಬಳು ಮಗಳು. ಮೈಯಲ್ಲಿ ಮಾಂಸ ಇರಲಿಲ್ಲ, ಗಂಟಲಿಗೆ ಮಾತ್ರ ಕೊರತೆ ಇರಲಿಲ್ಲ. ಅವಳು ನಕ್ಕರೆ ಕೆಳಗೆ ಟೈರಿಗೆ ಗಾಳಿ ಹಾಕುವವನು ಮೇಲೆ ನೋಡುತ್ತಿದ್ದ.

ಎಲ್ಲರಿಗೂ ಪಲ್ಯದ ಹೆಸರಿಡುವುದು ಅವಳ ಚಟ. ಮೂಗಿನ ತುದಿಯಲ್ಲಿ ಸಿಟ್ಟಿದ್ದವಳು ಪುಂಡಿ. ಉದ್ದಕ್ಕೆ ಬೆಳೆದು ಬಾಗಿದವಳು ರಾಜಗಿರಿ. ಮಸ್ಕಿಯಿಂದ ಬರುತ್ತಿದ್ದ ನಾಗವೇಣಿ ಮುಟ್ಟಿದರೆ ಬಾಡುವಂಥವಳು, ಅವಳು ಕೊತ್ತಂಬರಿ. ನನಗೆ ಹತ್ತರಕಿ ಎಂದಿಟ್ಟಳು. ಹತ್ತರಕಿ ಹಸಿಯಾಗಿ ರೊಟ್ಟಿಯ ಜೊತೆ ತಿನ್ನುವ ಪಲ್ಯ, ಸ್ವಲ್ಪ ಕಹಿ. ಯಾಕೆ ಎಂದು ನಾನು ಕೇಳಲಿಲ್ಲ. ಗೊತ್ತಿದ್ದದ್ದನ್ನು ಯಾರು ಕೇಳುತ್ತಾರೆ.

ಅಲ್ಲಿಯ ಕೆಲಸ ಏನೆಂದು ತಿಳಿಯಲು ನನಗೆ ಹದಿನೈದು ದಿನ ಹಿಡಿಯಿತು. ಎಲ್ಲೆಲ್ಲಿಯದೋ ಭತ್ತದ ಗದ್ದೆಯ ಫೋಟೋ ಬರುತ್ತಿದ್ದವು. ಅದರಲ್ಲಿ ಕಳೆ ಎಲ್ಲಿದೆಯೋ ಹುಡುಕಿ, ಸುತ್ತ ಗೆರೆ ಎಳೆದು ಚೌಕ ಹಾಕಬೇಕು. ಒಂದಾದರೆ ಇನ್ನೊಂದು. ಇಂಥ ಚೌಕಗಳನ್ನು ನೋಡಿ ನೋಡಿ ಒಂದು ಮಷೀನು ಕಳೆ ಯಾವುದು, ಭತ್ತ ಯಾವುದು ಎಂದು ಕಲಿಯುತ್ತದಂತೆ. ಕಲಿತ ಮೇಲೆ ಗದ್ದೆಯ ಮೇಲೆ ಡ್ರೋನ್ ಹಾರಿಸಿ ಕಳೆ ಇದ್ದಲ್ಲಷ್ಟೇ ಔಷಧಿ ಹೊಡೆಯುತ್ತಾರಂತೆ. ಅದಕ್ಕೆ ಎಐ ಎಂದು ಹೆಸರು. ಹುಡುಗಿಯರು ಮಷೀನು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕಳೆ ತೋರಿಸಿದ್ದಕ್ಕೂ ಸಂಬಳ ಕೊಡುವವರಿದ್ದಾರೆ ಎಂದು ತಿಳಿದಾಗ, ನಾನು ನಲವತ್ತು ವರ್ಷ ಬಗ್ಗಿ ನಿಂತು ಕಿತ್ತದ್ದು ದಂಡ ಅನ್ನಿಸಿತು.

ನಾನು ವಳಕಮದಿನ್ನಿಯವಳು. ಕಾಲುವೆ ನೀರು ಬಿಟ್ಟರೆ ನಾಟಿ, ಆಮೇಲೆ ಕಳೆ, ಆಮೇಲೆ ಕೊಯ್ಲು. ಹದಿನೆಂಟು ಹೆಂಗಸರ ಗುಂಪು ಕಟ್ಟಿ ಮುಂದಾಳಾಗಿದ್ದೆ. ಮೊಣಕಾಲು ಹೋದ ಮೇಲೆ ಸಿಂಧನೂರಿನ ಮಗಳ ಮನೆಗೆ ಬಂದೆ. ಸುಮ್ಮನೆ ಕೂತರೆ ಅಳಿಯನ ಟಿವಿ ನೋಡಬೇಕಾಗುತ್ತದೆ, ಅದಕ್ಕೇ ಕಸಬರಿಗೆ ಹಿಡಿದೆ. ಓದು ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಓದುತ್ತೇನೆ, ಹೆಸರು ಬರೆಯುತ್ತೇನೆ, ಸಾವಕಾಶ ಕೊಟ್ಟರೆ ಹೀಗೆ ನಾಲ್ಕು ಸಾಲೂ ಬರೆಯುತ್ತೇನೆ. ಆದರೆ ಕಳೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇದು ಶಮೀಮಾಗೆ ಬೇಗ ತಿಳಿಯಿತು. ಗುರುತು ಹತ್ತದ ಫೋಟೋ ಬಂದರೆ, "ಹತ್ತರಕಿ, ಇಲ್ಲಿ ಬಾ" ಎಂದು ಕೂಗುತ್ತಿದ್ದಳು. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಹೋಗಿ ಹೇಳುತ್ತಿದ್ದೆ: ಇದು ಊದ, ಭತ್ತದ ಹಾಗೇ ಕಾಣುತ್ತದೆ, ಎಲೆ ನುಣುಪು, ಮೋಸಗಾರ ಹುಲ್ಲು. ಇದು ಜೇಕು. ಇದು ಭತ್ತವೇ, ನೀರು ಸಾಲದೆ ಹಳದಿಯಾಗಿದೆ. ಅವಳು ಎಲ್ಲವನ್ನೂ ಹೊಸಕಿ ನೋಡುವವಳಂತೆ ಬೆರಳು ತಿಕ್ಕಿ, ಚೌಕ ಹಾಕುತ್ತಿದ್ದಳು.

ಆ ದಿನಗಳು ಚೆನ್ನಾಗಿದ್ದವು. ಮಹಡಿಯ ತುಂಬ ಮಾತು. ಹುಡುಗಿಯರು ಒಬ್ಬರ ಪರದೆಗೆ ಇನ್ನೊಬ್ಬರು ಇಣುಕಿ ಜಗಳಾಡುತ್ತಿದ್ದರು. ಕೈ ನಿಧಾನವಿದ್ದವಳ ಫೋಟೋಗಳನ್ನು ಪಕ್ಕದವರು ಹಂಚಿಕೊಂಡು ಮುಗಿಸುತ್ತಿದ್ದರು, ನಾಟಿಯ ಸಾಲಿನಲ್ಲಿ ನಾವು ಮಾಡುತ್ತಿದ್ದ ಹಾಗೇ.

ಆ ದಿನಗಳಲ್ಲೇ ತಪ್ಪೂ ಆಯಿತು. ನಾವು ತಪ್ಪು ಎಂದುಕೊಂಡು ಮಾಡಿದ್ದಲ್ಲ.

ನಾಗವೇಣಿ ಸೇರಿದ ಹೊಸದು. ಒಂದು ಫೋಟೋದಲ್ಲಿ ಭತ್ತದ ಬುಡದಲ್ಲಿ ಹೊನಗೊನ್ನೆ ಹಬ್ಬಿತ್ತು. ಅವಳು ಅದರ ಸುತ್ತ ಚೌಕ ಹಾಕಿದಳು. ಶಮೀಮಾ ಹಿಂದೆ ನಿಂತು ನೋಡುತ್ತಿದ್ದವಳು ಹಣೆ ಬಡಿದುಕೊಂಡಳು.

"ಏನ್ ಮಾಡಾಕತ್ತೀಯವಾ ಕೊತ್ತಂಬರಿ? ಉಣ್ಣೋ ಪಲ್ಯಾನ ಕಳೆ ಅಂತೀಯಲ್ಲ. ನಮ್ಮವ್ವ ಕೇಳಿದ್ರ ಬುಟ್ಟಿ ತಗೊಂಡು ಹೊಡೀತಾಳ ನಿನ್ನ."

ಎಲ್ಲರೂ ನಕ್ಕರು. ನಾಗವೇಣಿ, ಕಳೆಗಳ ಪಟ್ಟಿಯಲ್ಲಿ ಇದೂ ಇರಬಹುದು ಎಂದು ಮೆಲ್ಲಗೆ ಅಂದಳು. ಪಟ್ಟಿ ಇಂಗ್ಲಿಷಿನಲ್ಲಿತ್ತು, ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡಗಳ ಚಿತ್ರ ಇತ್ತು. ಒಣಗಿದ ಮೇಲೆ ಎಲ್ಲ ಗಿಡವೂ ಕಡ್ಡಿಯೇ. ಯಾರಿಗೂ ಗುರುತು ಹತ್ತಲಿಲ್ಲ. ಶಮೀಮಾ ನನ್ನನ್ನು ಕರೆದು ಕೇಳಿದಳು. ನಾನು ಹೇಳಿದೆ: ಕಳೆ ತೆಗೆಯುವಾಗ ಊದ ಬದುವಿಗೆ ಎಸೆಯುತ್ತೇವೆ, ಜೇಕು ಬದುವಿಗೆ ಎಸೆಯುತ್ತೇವೆ, ಹೊನಗೊನ್ನೆ ಉಡಿಗೆ ಹಾಕಿಕೊಳ್ಳುತ್ತೇವೆ. ಬದುವಿಗೆ ಹೋಗುವುದು ಕಳೆ. ಉಡಿಗೆ ಬರುವುದು ಕಳೆ ಹೇಗಾಗುತ್ತದೆ?

ನನ್ನ ಮಾತು ಎಲ್ಲರಿಗೂ ಸರಿ ಅನ್ನಿಸಿತು. ಅಲ್ಲಿದ್ದವರೆಲ್ಲ ಉಡಿ ತುಂಬಿಕೊಂಡು ಮನೆಗೆ ಬಂದ ತಾಯಂದಿರ ಮಕ್ಕಳೇ. ನಾಗವೇಣಿ ಚೌಕ ಅಳಿಸಿದಳು. ಅಂದಿನಿಂದ ಎರಡು ವರ್ಷ, ಹನ್ನೊಂದು ಮಂದಿ, ಕಂಡ ಕಂಡ ಹೊನಗೊನ್ನೆಯನ್ನೆಲ್ಲ ಬಿಟ್ಟರು. ಮೇಲಿನವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಎರಡು ವರ್ಷದ ಮೇಲೆ ಕೆಲಸ ಬದಲಾಯಿತು. ಇವರೇ ಕಲಿಸಿದ ಮಷೀನು ಈಗ ತಾನೇ ಚೌಕ ಹಾಕಿ ಕಳಿಸತೊಡಗಿತು. ಹುಡುಗಿಯರು ಅದನ್ನು ನೋಡಿ ಹೌದು ಅಥವಾ ಅಲ್ಲ ಎಂದು ಒತ್ತಬೇಕು, ಅಷ್ಟೇ. ಕೇಳಿದರೆ ಸುಲಭ. ಆದರೆ ಹೌದು ಎಂದರೆ ಕಣ್ಣು ಮಿಟುಕಿಸುವುದರೊಳಗೆ ಮುಂದಿನ ಫೋಟೋ. ಅಲ್ಲ ಎಂದರೆ, ಯಾಕೆ ಅಲ್ಲ ಎಂದು ಕಾರಣ ಕೊಡಬೇಕು, ಆ ಹೊತ್ತೆಲ್ಲ ಮೂಲೆಯಲ್ಲಿ ಗಡಿಯಾರ ಓಡುತ್ತದೆ, ಅಂಕ ಇಳಿಯುತ್ತದೆ. ಅಂಕ ಇಳಿದವಳ ಹೆಸರು ಗೋಡೆಯ ಟಿವಿಯಲ್ಲಿ ಕೆಂಪಗೆ ಬರುತ್ತದೆ. ಅದರ ಮೇಲೆ ಮೂರನೆಯ ತಿಂಗಳಿಗೆ ಸುದ್ದಿಯೂ ಬಂತು: ಈ ತಿಂಗಳ ಕೊನೆಗೆ ಕೆಂಪಗಿರುವ ನಾಲ್ವರು ಮನೆಗೆ.

ಹೀಗೆ ಮೂರು ತಿಂಗಳಲ್ಲಿ ಮಹಡಿ ಸತ್ತ ಮನೆಯಾಯಿತು. ಮಾತಿಲ್ಲ. ಪಕ್ಕದವಳ ಪರದೆಗೆ ಇಣುಕಿದರೆ ತನ್ನ ಗಡಿಯಾರ ಓಡುತ್ತದೆ, ಯಾರು ಇಣುಕುತ್ತಾರೆ? ಟಕ್ ಟಕ್ ಎಂದು ಒತ್ತುವ ಸಪ್ಪಳ ಒಂದೇ. ನಾನು ಕೊಟ್ಟ ಚಹಾ ಕೆನೆಗಟ್ಟಿ ವಾಪಸ್ಸು ಬರುತ್ತಿತ್ತು. ನಾಗವೇಣಿ ಬುತ್ತಿ ಬಿಚ್ಚದೆ ಮಸ್ಕಿಗೆ ಒಯ್ಯುತ್ತಿದ್ದಳು. ಪುಂಡಿ ಬಚ್ಚಲಿಗೆ ಹೋದರೆ ಮುಖ ತೊಳೆದೇ ಬರುತ್ತಿದ್ದಳು, ಅತ್ತದ್ದು ತಿಳಿಯಬಾರದೆಂದು. ತಾವು ಕಲಿಸಿದ್ದೇ ತಮ್ಮನ್ನು ಹೊರಗೆ ಹಾಕುತ್ತದೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಎಲ್ಲರೂ ಅದನ್ನೇ ನೆನೆಯುತ್ತಿದ್ದರು.

ನನಗೆ ಮೊದಲು ಇದು ಸೊಕ್ಕು ಅನ್ನಿಸಿತು. ಬಿಸಿಲಿಲ್ಲ, ಕೆಸರಿಲ್ಲ, ಬೆನ್ನು ಬಗ್ಗಿಸುವುದಿಲ್ಲ, ತಲೆಯ ಮೇಲೆ ಫ್ಯಾನು. ಒಂದು ಬೆರಳು ಒತ್ತುವುದಕ್ಕೆ ಇಷ್ಟು ಅಳು ಯಾಕೆ ಎಂದು ಶಮೀಮಾಗೆ ಅಂದೇ ಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಮೊದಲಾಗಿದ್ದರೆ ಜಗಳಕ್ಕೆ ಬರುತ್ತಿದ್ದಳು.

"ನಿನ್ನ ನಡ ನೋಯ್ತಿತ್ತಜ್ಜಿ, ಖರೆ," ಅಂದಳು. "ಆದ್ರ ಸಂಜಿಗೆ ಹೊಳ್ಳಿ ನೋಡಿದ್ರ ಗದ್ದಿ ಹಸರ ಕಾಣ್ತಿತ್ತಿಲ್ಲ? ನಮಗ ಹೊಳ್ಳಿ ನೋಡಿದ್ರ ಏನೂ ಕಾಣಂಗಿಲ್ಲ. ಹೌದೌದು ಅಂದು ಅಂದು ನನ್ನ ಕಣ್ಣ ಬತ್ತಿ ಹೋಗ್ಯಾವ. ನಿನ್ನೆ ಮಗಳು ಅಮ್ಮೀ ಇದು ನೋಡು ಅಂದ್ಲು, ನೋಡದ ಹೌದು ಅಂದೆ."

ನಾನು ಅವಳ ಕೈ ನೋಡಿದೆ. ಎರಡು ಬೆರಳು ಸುಮ್ಮನೆ ಮೇಜಿನ ಮೇಲೆ ಬಿದ್ದಿದ್ದವು. ಹೊಸಕುವುದನ್ನು ಯಾವಾಗ ಬಿಟ್ಟಳೋ ನಾನೂ ಗಮನಿಸಿರಲಿಲ್ಲ. ನಿದ್ದೆ ಬರುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದಳು. ಕಣ್ಣು ಮುಚ್ಚಿದರೆ ಚೌಕ ಬರುತ್ತವೆ ಎಂದಳು.

ಅಲ್ಲಿ ಗಡಿಯಾರ ನಿಲ್ಲುತ್ತಿದ್ದದ್ದು ನೆಟ್ ಹೋದಾಗ ಮಾತ್ರ. ಒಂದು ಮಧ್ಯಾಹ್ನ ಊಟದ ಮೇಲೆ ನೆಟ್ ಹೋಯಿತು. ಎಲ್ಲರ ಮುಂದೆಯೂ ಒಂದೊಂದು ಫೋಟೋ ಹಾಗೇ ನಿಂತಿತು. ಹುಡುಗಿಯರು ತಲೆ ಕೆಳಗೆ ಹಾಕಿ ಕಣ್ಣು ಮುಚ್ಚಿಕೊಂಡರು. ಶಮೀಮಾ ಮಾತ್ರ ತನ್ನ ಮುಂದಿನ ಫೋಟೋವನ್ನು ನೋಡುತ್ತ ಕುಳಿತಳು. ಮೂರು ತಿಂಗಳಲ್ಲಿ ಒಂದು ಫೋಟೋವನ್ನು ಇಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು. ಸ್ವಲ್ಪ ಹೊತ್ತಿಗೆ ಮುಂದಕ್ಕೆ ಬಾಗಿದಳು. ಎದ್ದು ನಾಗವೇಣಿಯ ಪರದೆ ನೋಡಿದಳು, ಪುಂಡಿಯದು ನೋಡಿದಳು, ಹನ್ನೊಂದನ್ನೂ ಸುತ್ತಿ ಬಂದಳು. ಆಮೇಲೆ ನಕ್ಕಳು. ಕೆಳಗಿನ ಟೈರಿನವನು ಮೇಲೆ ನೋಡಿರಬೇಕು, ಅಂಥ ನಗು.

"ಬರ್ರಿಲೇ ಇಲ್ಲಿ. ನೋಡ್ರಿ ಇದರ ಅವತಾರ. ಊದಕ್ಕ ಚೌಕ ಹಾಕ್ಯಾನ, ಜೇಕಿಗೆ ಹಾಕ್ಯಾನ, ಹೊನಗೊನ್ನಿ ಹಂಗ ಬಿಟ್ಟಾನ. ಎಲ್ಲಾ ಕಡೀಗೂ ಬಿಟ್ಟಾನ. ಮಷೀನಿಗೂ ಉಡಿ ಬಂದೈತಿ."

ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ನಿಲ್ಲಿಸಲಾಗದ ನಗು. ನಾಗವೇಣಿ ಕುರ್ಚಿಯಿಂದ ಬಿದ್ದಳು. ಎಲ್ಲಿಯದೋ ದೊಡ್ಡ ಕಂಪನಿಯ ಮಷೀನು ನಮ್ಮ ಸೀಮೆಯ ಹೆಂಗಸರ ಹಾಗೆ ಹೊನಗೊನ್ನೆಯನ್ನು ಪಲ್ಯಕ್ಕೆಂದು ಬಿಡುತ್ತಿತ್ತು. ನಾವು ಅಂದು ನಕ್ಕು ಮಾಡಿದ್ದನ್ನು ಅದು ನಂಬಿ ಕಲಿತಿತ್ತು. ಪುಂಡಿ, "ಹಂಗಾದ್ರ ಇದು ನಮ್ಮ ಕೂಸ ಅನ್ರಿ" ಅಂದಳು. ಮೂರು ತಿಂಗಳಿಂದ ಆ ಮಷೀನಿಗೆ ಹೆದರಿದ್ದವರು ಆ ದಿನ ಅದರ ಕಿವಿ ಹಿಂಡುವವರ ಹಾಗೆ ಮಾತಾಡಿದರು. ನಾನು ಕಾಸಿದ ಚಹಾ ಅಂದು ಒಂದು ಗುಟುಕೂ ಉಳಿಯಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಶಮೀಮಾ ಕುಳಿತೇ ಇದ್ದಳು. ಇಂಗ್ಲಿಷ್ ಪಟ್ಟಿ ತೆಗೆದು, ಫೋನಿನಲ್ಲಿ ಹಸಿ ಗಿಡದ ಚಿತ್ರ ಪಕ್ಕಕ್ಕಿಟ್ಟು ನೋಡುತ್ತಿದ್ದಳು. ಒಣ ಕಡ್ಡಿಗಳಲ್ಲಿ ಒಂದು ಹೊನಗೊನ್ನೆಯೇ. ನಾಗವೇಣಿ ಹೇಳಿದ್ದು ಸರಿಯಿತ್ತು. ಕಂಪನಿಯವರ ಲೆಕ್ಕಕ್ಕೆ ಅದು ಕಳೆ.

ನಾಳೆಯಿಂದ ಹೊನಗೊನ್ನೆ ಬಿಟ್ಟ ಫೋಟೋಗಳಿಗೆಲ್ಲ ಅಲ್ಲ ಎಂದು ಒತ್ತುತ್ತೇನೆ, ಮೇಲಿನವರಿಗೆ ತಪ್ಪು ಯಾರದೆಂದೂ ಹೇಳುತ್ತೇನೆ ಎಂದಳು. ನಾನು ಹುಚ್ಚಿ ಅಂದೆ. ತಿಂಗಳ ಕೊನೆಗೆ ಹತ್ತು ದಿನ ಉಳಿದಿವೆ, ಅಲ್ಲ ಅಂದರೆ ಕೆಂಪಗಾಗುತ್ತೀ, ಮನೆಗೆ ಹೋಗುತ್ತೀ. ಹೌದು ಒತ್ತಿಕೊಂಡು ಸುಮ್ಮನಿರು. ಯಾವನದೋ ಗದ್ದೆಯಲ್ಲಿ ಹೊನಗೊನ್ನೆ ಉಳಿದರೆ ಯಾವಳದೋ ಪಲ್ಯಕ್ಕಾಯಿತು. ಇಷ್ಟೂ ಹೇಳಿದೆ.

ಅವಳು ನನ್ನ ಮಾತನ್ನೇ ನನಗೆ ತಿರುಗಿಸಿದಳು. ಹಿಂದೆ ಒಮ್ಮೆ ಸಾಲಗುಂದದ ಗದ್ದೆಯೊಂದರಲ್ಲಿ ನನ್ನ ಗುಂಪು ಎರಡು ತಳಿಯ ಸಸಿ ಕಟ್ಟು ಬೆರೆಸಿ ನಾಟಿ ಮಾಡಿತ್ತು. ಯಾವ ಹೆಂಗಸು ಬೆರೆಸಿದಳೆಂದು ನಾನು ಹೇಳಲಿಲ್ಲ. ಮುಂದಾಳು ನಾನು, ತಪ್ಪು ನನ್ನದು ಎಂದು ಹೊಲದವನ ಮುಂದೆ ನಿಂತೆ. ಮರುದಿನ ಹದಿನೆಂಟೂ ಮಂದಿ ಕೂಲಿಯಿಲ್ಲದೆ ಕಿತ್ತು ಮತ್ತೆ ನಟ್ಟೆವು. ನಮ್ಮಲ್ಲಿ ರೂಢಿ ಹಾಗೆ: ಹೇಳುವವಳು ಒಬ್ಬಳು, ತಿದ್ದುವವರು ಎಲ್ಲರೂ. ಇದನ್ನು ಎಂದೋ ಚಹಾ ಕಾಸುವಾಗ ಅವಳಿಗೆ ಹೇಳಿದ್ದೆ.

"ನೀ ಹೋಗಿ ಹೇಳಿದ್ದಿ ಇಲ್ಲ?" ಅಂದಳು.

"ಹೇಳದ ಏನ್ ಮಾಡ್ಲಿ? ಎರಡ ತಿಂಗಳಿಗೆ ತೆನಿ ಹೇಳತಿತ್ತು. ಇದಕ್ಕ ತೆನಿ ಬರಂಗಿಲ್ಲ, ಸುಮ್ನಿರು."

"ತೆನಿ ಬರಂಗಿಲ್ಲಂತನ ಬಾಯಿ ಇದ್ದೋರು ಹೇಳಬೇಕು, ಅಜ್ಜಿ. ಅದು ನಮ್ಮ ಮಾತ ಕೇಳಿ ಕೆಟ್ಟೈತಿ. ಮತ್ತ ಇನ್ನೊಂದು. ಮೂರು ತಿಂಗಳಾತು ನಾ ಅಲ್ಲ ಅಂದಿಲ್ಲ. ಒಂದರ ಸಲ ಅಂದು ನೋಡ್ತೀನಿ, ಇನ್ನೂ ಬರ್ತತೋ ಇಲ್ಲೋ."

ಬುರ್ಖಾ ಹಾಕಿಕೊಂಡು ಬಸ್ಸಿಗೆ ಹೋದಳು. ನಾನು ಗ್ಲಾಸು ತೊಳೆದು ಬೀಗ ಹಾಕಿದೆ. ಅವಳದು ಹಟ, ನನ್ನದು ಬುದ್ಧಿ ಎಂದೇ ನಾನು ಮನೆ ಮುಟ್ಟುವವರೆಗೂ ಅಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಿತ್ತು.

ಮರುದಿನ ಅವಳು ಬೆಳಿಗ್ಗೆಯೇ ಹುಡುಗಿಯರಿಗೆ ವಿಷಯ ಹೇಳಿ, ನೀವು ಎಂದಿನಂತೆ ಹೌದು ಒತ್ತಿರಿ, ಅಲ್ಲ ಎನ್ನುವುದು ನಾನೊಬ್ಬಳೇ ಎಂದಳು. ಕುಳಿತು ಒತ್ತಿದಳು. ಕಾರಣ ಬರೆದಳು. ಮತ್ತೆ ಒತ್ತಿದಳು. ಹನ್ನೊಂದು ಗಂಟೆಗೆ ಗೋಡೆಯ ಟಿವಿಯಲ್ಲಿ ಅವಳ ಹೆಸರು ಕೆಂಪಾಯಿತು. ನಾಗವೇಣಿ ಅದನ್ನು ನೋಡಿದಳು, ತನ್ನ ಪರದೆಯನ್ನು ನೋಡಿದಳು, ಅಲ್ಲ ಎಂದು ಒತ್ತಿದಳು. ಬಾಡುವ ಕೊತ್ತಂಬರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. ಅವಳ ಹಿಂದೆ ಪುಂಡಿ. ಊಟದ ಹೊತ್ತಿಗೆ ಟಿವಿ ಪೂರ್ತಿ ಕೆಂಪು, ಬಣ್ಣದ ಹಬ್ಬದ ಹಾಗೆ. ಶಮೀಮಾ ಬಾಯಿಗೆ ಬಂದಂತೆ ಬೈದಳು, ಯಾರೂ ಕೇಳಲಿಲ್ಲ. ಕೊನೆಗೆ ಅವಳೂ ಬಿಟ್ಟುಕೊಟ್ಟು, "ಆಯ್ತು, ಹಾಳಾಗ್ರಿ, ಆದ್ರ ಕಾರಣ ಸರಿಯಾಗಿ ಬರೀರಿ" ಅಂದಳು. ಆ ಮಧ್ಯಾಹ್ನ ಮಹಡಿಯಲ್ಲಿ ಮಾತು ಮರಳಿ ಬಂತು. ಕೆಲಸ ಹೋಗುವುದು ಖಾತ್ರಿ ಎಂದುಕೊಂಡವರು ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂರು ಗಂಟೆಗೆ ಮೇಲಿನ ಆಫೀಸಿನಿಂದ ವಿಡಿಯೋ ಕಾಲ್ ಬಂತು. ಪುಣೆಯಲ್ಲಿ ಕೂರುವ ಹುಡುಗ, ಇವರ ಕೆಲಸ ನೋಡಿಕೊಳ್ಳುವವನು. ಸಾಹೇಬ ಎಂದರೆ ನಾನು ಹೊಟ್ಟೆಯಿದ್ದವನನ್ನು ನೆನೆಸಿದ್ದೆ. ಅವನ ಮುಖ ನೋಡಿದರೆ ಉಂಡು ಎರಡು ದಿನವಾದ ಹಾಗಿತ್ತು. ಕಣ್ಣ ಸುತ್ತ ಕಪ್ಪು. ಹಿಂದಿಯಲ್ಲಿ ಕೇಳಿದ, ಏನು ನಡೆದಿದೆ ಅಲ್ಲಿ, ಎಲ್ಲರೂ ಸೇರಿ ಮುಷ್ಕರ ಮಾಡುತ್ತಿದ್ದೀರಾ?

ಶಮೀಮಾ ನಿಂತುಕೊಂಡೇ ಮಾತಾಡಿದಳು. ಹಿಂದಿ ಅವಳ ಮನೆಯ ದಖನಿಯಂತೆಯೇ ಇತ್ತು, ನನಗೂ ತಿಳಿಯಿತು. ಎರಡು ವರ್ಷದ ಹಿಂದಿನಿಂದ ಎಲ್ಲ ಹೇಳಿದಳು. ಪಟ್ಟಿ, ಒಣಗಿದ ಚಿತ್ರ, ನಾಗವೇಣಿ ಸರಿಯಾಗಿ ಹಾಕಿದ ಚೌಕವನ್ನು ತಾನು ಅಳಿಸಿಸಿದ್ದು. ಮಷೀನಿನದು ತಪ್ಪಲ್ಲ, ಈ ಹುಡುಗಿಯರದೂ ಅಲ್ಲ, ನನ್ನದು ಎಂದಳು. ಅವನು ಹೆಸರು ಬರೆದುಕೊಳ್ಳುವುದು ಕಾಣಿಸಿತು. ನನಗೆ ತಡೆಯಲಾಗಲಿಲ್ಲ. ಚಹಾದ ತಟ್ಟೆ ಹಿಡಿದುಕೊಂಡೇ ಮುಂದೆ ಹೋಗಿ, ಈಕೆಗೆ ಹಾಗೆ ಹೇಳಿದವಳು ನಾನು, ಬರೆಯುವುದಿದ್ದರೆ ನನ್ನ ಹೆಸರೂ ಬರಿ ಎಂದು ಕನ್ನಡದಲ್ಲೇ ಅಂದೆ. ಯಾರು ಇವರು ಎಂದು ಅವನು ಕೇಳಿದ. ಚಹಾ ಮಾಡುವ ಅಜ್ಜಿ, ನಲವತ್ತು ವರ್ಷ ಕಳೆ ಕಿತ್ತವಳು ಎಂದು ಶಮೀಮಾ ಹೇಳಿದಳು. ಹೊನಗೊನ್ನೆ ಯಾಕೆ ಉಡಿಗೆ ಹೋಗುತ್ತದೆ ಎಂದೂ ಬಿಡಿಸಿ ಹೇಳಿದಳು.

ಅವನು ನನ್ನ ಹೆಸರು ಬರೆಯಲಿಲ್ಲ, ನಕ್ಕುಬಿಟ್ಟ. ನಕ್ಕು ಬಹಳ ದಿನವಾದವರು ನಗುವ ಹಾಗೆ, ಕೆಮ್ಮು ಬಂತು. ಆಮೇಲೆ ಹೇಳಿದ: ಮೂರು ತಿಂಗಳಿಂದ ಯಾರೂ ಅಲ್ಲ ಅಂದೇ ಇಲ್ಲ, ಅದಕ್ಕೇ ಮಷೀನು ಪೂರ್ತಿ ಕಲಿತಿದೆ ಎಂದು ಮೇಲಿನವರು ನಂಬಿದ್ದಾರೆ. ಅವನ ಕೋಣೆಯಲ್ಲಿದ್ದವರಲ್ಲೂ ಅರ್ಧ ಮಂದಿಯನ್ನು ಕಳಿಸಿದ್ದಾರೆ. ಉಳಿದವರು ಬಂದದ್ದಕ್ಕೆಲ್ಲ ಹೌದು ಎಂದು ಮುಂದೆ ದೂಡುತ್ತಿದ್ದಾರೆ, ತಾನೂ ಹಾಗೇ ಮಾಡುತ್ತಿದ್ದನಂತೆ. ಒಂದು ಫೋಟೋವನ್ನು ನಾನು ಕಣ್ಣಾರೆ ನೋಡಿದ್ದು ಇವತ್ತೇ, ನೀವೆಲ್ಲ ಕೆಂಪಗಾದದ್ದಕ್ಕೆ ಎಂದ. ಅಲ್ಲಿ ಕುಳಿತ ಆ ಓದಿದ ಹುಡುಗನೂ ನಮ್ಮ ನಾಗವೇಣಿಯ ಹಾಗೇ ಬುತ್ತಿ ಬಿಚ್ಚದೆ ಮನೆಗೆ ಒಯ್ಯುತ್ತಿದ್ದಾನೆ ಎಂದು ನನಗೆ ಆಗ ಹೊಳೆಯಿತು. ಸೊಕ್ಕು ಎಂಬ ಮಾತನ್ನು ಅಂದಿಗೆ ಬಿಟ್ಟೆ.

ಎರಡು ವಾರ ಏನೂ ಸುದ್ದಿ ಬರಲಿಲ್ಲ. ತಿಂಗಳ ಕೊನೆ ದಾಟಿತು. ನಾಲ್ವರ ಮಾತನ್ನು ಯಾರೂ ಎತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಆ ಹುಡುಗನೇ ಫೋನ್ ಮಾಡಿದ. ಎರಡು ವರ್ಷದ ಹಳೆಯ ಫೋಟೋಗಳನ್ನೆಲ್ಲ ಮತ್ತೆ ನೋಡಬೇಕು, ಬಹಳ ದಿನದ ಕೆಲಸ, ಎಲ್ಲರೂ ಬೇಕು. ಅಲ್ಲ ಎಂದರೆ ಇನ್ನು ಅಂಕ ಇಳಿಯುವುದಿಲ್ಲ, ಗಡಿಯಾರ ತೆಗೆದಿದ್ದೇವೆ. ಕಾರಣವನ್ನು ಬರೆಯಬೇಕಿಲ್ಲ, ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ. ಹೊಲ ಕಂಡವರು ಒಬ್ಬರಾದರೂ ಇರಲಿ. ಇಷ್ಟು ಹೇಳಿ, ದನಿ ಇಳಿಸಿ, ತಪ್ಪು ಒಪ್ಪಿಕೊಂಡ ಶಮೀಮಾಳ ಹೆಸರು ಮಾತ್ರ ಉಳಿಯುವ ಹಾಗಿಲ್ಲ, ಅದು ಮೇಲಿನವರ ಕಾಯಿದೆ, ನಾನು ಎಷ್ಟೋ ಹೇಳಿ ನೋಡಿದೆ ಎಂದ.

ಹುಡುಗಿಯರು ಅತ್ತರು. ಶಮೀಮಾ ಅಳಲಿಲ್ಲ. ಹತ್ತಕ್ಕೆ ಒಂದು, ಅಗ್ಗದ ವ್ಯಾಪಾರ ಎಂದಳು. ಇದು ಬಾಯಿಮಾತಲ್ಲ, ಅವಳ ಮುಖ ನೋಡಿದವಳು ನಾನು. ಅಲ್ಲ ಎಂದ ದಿನದಿಂದ ಅವಳಿಗೆ ನಿದ್ದೆ ಬರುತ್ತಿತ್ತು. ಕೆನ್ನೆಗೆ ಸ್ವಲ್ಪ ಮಾಂಸವೂ ಬಂದಿತ್ತು. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಗಿಡಗಳ ಪಾಠಕ್ಕೆ ಸಹಾಯಕಿ ಬೇಕೆಂದು ಕೇಳಿ ಹೋಗಿ ಬಂದಿದ್ದಳು, ಅವರು ಬಾ ಎಂದಿದ್ದರು. ಗಂಡನೂ ಅಲ್ಲೇ ಕೆಲಸ ಹುಡುಕುತ್ತೇನೆ ಎಂದಿದ್ದ.

ಕೊನೆಯ ದಿನ ಬಸ್‌ಸ್ಟ್ಯಾಂಡಿನವರೆಗೆ ಅವಳ ಜೊತೆ ಹೋದೆ. ಕಳಿಸಲೆಂದಲ್ಲ, ನನ್ನ ಮನೆಯೂ ಆ ಕಡೆಗೇ. ಕಲ್ಲು ಬೆಂಚಿನ ಮೇಲೆ ಕೂತೆವು. ಅವಳು ಶೇಂಗಾ ಕೊಂಡು ಅರ್ಧ ನನ್ನ ಸೆರಗಿಗೆ ಹಾಕಿದಳು. ನನ್ನ ಕುರ್ಚಿ ಖಾಲಿ ಇದೆ, ಹೊಲ ಕಂಡವರ ಹೆಸರು ಕೇಳಿದ್ದರು, ನಿನ್ನ ಹೆಸರು ಕೊಟ್ಟಿದ್ದೇನೆ ಎಂದಳು. ನಾಳೆಯಿಂದ ಕೂರಬೇಕು.

"ನನಗೆಲ್ಲಿ ಅಕ್ಷರ ಬರ್ತಾವಲೇ," ಅಂದೆ.

"ಎರಡ ಬಟನ್ ಅದಾವ. ನೀ ಹುಟ್ಟಿದಾಗಿನಿಂದ ಒಂದನ್ನ ಒತ್ತಾಕತ್ತಿ. ಅಲ್ಲ, ಅಲ್ಲ, ಅಲ್ಲ. ಅಂಥೋರ ಬೇಕಂತ ಅವರಿಗೆ."

"ಕಸ ಯಾರ ಹೊಡೀಬೇಕು?"

"ಅದು ನಂಗ ಗೊತ್ತಿಲ್ಲ, ಹತ್ತರಕಿ. ನಾ ಇನ್ನ ಅಲ್ಲಿಯಾಕಿ ಅಲ್ಲ."

ಲಿಂಗಸುಗೂರಿನ ಬಸ್ಸು ಬಂತು; ಗಂಡ ಮಗಳನ್ನು ಕರೆದುಕೊಂಡು ಮೊದಲೇ ಅಲ್ಲಿಗೆ ಹೋಗಿದ್ದ. ನೂಕಾಡಿ ಹತ್ತಿ ಕಿಟಕಿಯ ಸೀಟು ಹಿಡಿದಳು. ಕೈ ಬೀಸಲಿಲ್ಲ, ಶೇಂಗಾ ಸಿಪ್ಪೆ ಕಿಟಕಿಯಿಂದ ಹೊರಗೆ ಎಸೆದಳು, ಬಸ್ಸು ಹೋಯಿತು. ಆಮೇಲೆ ಅವಳನ್ನು ನಾನು ಕಂಡಿಲ್ಲ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಾಳೆ. ಕಾಲೇಜಿನ ಹುಡುಗರಿಗೂ ಪಲ್ಯದ ಹೆಸರಿಟ್ಟಿದ್ದಾಳಂತೆ. ನಾನು ಹೆಚ್ಚು ಮಾತಾಡುವುದಿಲ್ಲ, ಅವಳು ಬಿಡುವುದೂ ಇಲ್ಲ.

ಅವಳು ಹೋದ ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಮಹಡಿ ಹತ್ತಿದೆ. ಕಸಬರಿಗೆ ಮುಟ್ಟಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ನನಗೆ ಎತ್ತರವಾಯಿತು, ಕಾಲು ನೆಲಕ್ಕೆ ಹತ್ತಲಿಲ್ಲ, ಮಡಚಿ ಮೇಲಿಟ್ಟುಕೊಂಡು ಕೂತೆ. ನಾಗವೇಣಿ ಎರಡು ಬಟನ್ ತೋರಿಸಿದಳು. ಮೊದಲ ಫೋಟೋದಲ್ಲಿ ಮಷೀನು ಒಂದು ಜೇಕಿನ ಗಿಡವನ್ನು ಭತ್ತ ಎಂದು ಬಿಟ್ಟಿತ್ತು. ಅಲ್ಲ ಒತ್ತಿದೆ. ಯಾಕೆ ಎಂದು ಕೇಳಿತು. ಭತ್ತದ ಕಡ್ಡಿ ದುಂಡಗಿರುತ್ತದೆ, ಇದಕ್ಕೆ ಮೂರು ಮೂಲೆ, ಕಣ್ಣಿಲ್ಲೇನು ನಿನಗೆ ಎಂದು ಬಾಯಲ್ಲೇ ಹೇಳಿದೆ. ಬರೆದುಕೊಂಡಿತು. ಹನ್ನೊಂದು ಗಂಟೆಗೆ ಹುಡುಗಿಯರು ತಿರುಗಿ ಚಹಾ ಎಂದು ಕೇಳಿದರು. ನೀವೇ ಕಾಸಿಕೊಂಡು ನನಗೂ ಅರ್ಧ ಗ್ಲಾಸು ತನ್ನಿ, ಸಕ್ಕರೆ ಕಡಿಮೆ ಹಾಕಿ ಎಂದೆ.